ಲೋಹದ ಮಸಿ: ಕನ್ನಡನಾಡಿನಲ್ಲಿ ಅದರ ಪೂರ್ವೋತ್ತರ

1

ಲೋಹವನ್ನು ಅತಿ ಸೂಕ್ಷ್ಮವಾದ ಕಣಗಳನ್ನಾಗಿಯೋ ಲವಣದ ದ್ರಾವಣವನ್ನಾಗಿಯೋ ಮಾಡಿ, ಅದನ್ನು ಮಸಿಯಂತೆ ಕಾಗದದ ಮೇಲೆ ಮುದ್ರಿಸಿ, ಆ ಮುದ್ರಿತ ರೇಖೆಗಳಲ್ಲಿ ವಿದ್ಯುತ್ತು ಹರಿಯುವಂತೆ ಮಾಡುವ ವಿದ್ಯೆಯು ಈಚಿನ ಎರಡು ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. ಮಡಿಸಿದರೆ ಮಡಿಯುವ, ಸುತ್ತಿದರೆ ಸುತ್ತಿಕೊಳ್ಳುವ ಕಾಗದವೇ ಇಲ್ಲಿ ವಿದ್ಯುನ್ಮಂಡಲಕ್ಕೆ ಆಧಾರವಾಗುತ್ತದೆ. ಸರಕಿನ ಪೊಟ್ಟಣಗಳಿಗೆ ಅಂಟಿಸಿ ರೇಡಿಯೋ ಅಲೆಗಳ ಮೂಲಕ ಓದಿಕೊಳ್ಳುವ ಗುರುತುಚೀಟಿಗಳು, ತೇವವನ್ನೂ ಕಾವನ್ನೂ ಅರುಹುವ ಅಗ್ಗದ ಸೂಚಕಗಳು ಮೊದಲಾದುವು ಈ ವಿದ್ಯೆಯ ಫಲಗಳು.

ಈ ವಿಷಯದ ಪ್ರಸ್ತಾವ ಬಂದಾಗ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುವುದುಂಟು. ಚಿನ್ನದ ಮಸಿಯಿಂದ ಬರೆದ ನಮ್ಮ ಪೂರ್ವಿಕರಿಗೆ ಇದೆಲ್ಲವೂ ತಿಳಿದೇ ಇತ್ತೆಂಬುದು ಒಂದು. ಇದು ಸಂಪೂರ್ಣವಾಗಿ ಪರದೇಶದಿಂದ ಬಂದ ವಸ್ತು, ಈ ನಾಡಿನ ಚರಿತ್ರೆಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬುದು ಇನ್ನೊಂದು. ಮೊದಲನೆಯದು ಅಭಿಮಾನದ ಮಾತು; ಎರಡನೆಯದು ಉದಾಸೀನದ ಮಾತು. ಎರಡಕ್ಕೂ ಪರಿಶೀಲನೆಯ ಶ್ರಮವಿಲ್ಲ. ಕನ್ನಡನಾಡಿನಲ್ಲಿ ಬಟ್ಟೆಯ ಮೇಲೂ ಕಾಗದದ ಮೇಲೂ ಅಂಗಾರವನ್ನೂ ಲೋಹವನ್ನೂ ಹಿಡಿದು ನಿಲ್ಲಿಸಿದ ಕೆಲಸಗಳು ಯಾವುವು, ಅವುಗಳ ರೀತಿ ಎಂಥದು, ಇಂದಿನ ವಿದ್ಯೆಗೆ ಅವು ಎಷ್ಟರ ಮಟ್ಟಿಗೆ ಸಮೀಪ, ಎಲ್ಲಿ ದೂರ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಿಂತು ನೋಡುವ ನೆಲೆಯಾಗಿ ಬಾಗಲೂರನ್ನು ಆರಿಸಿಕೊಂಡಿದೆ. ಬೆಂಗಳೂರಿನ ಉತ್ತರದಲ್ಲಿ, ಯಲಹಂಕದ ಆಚೆ, ಜಾಲ ಹೋಬಳಿಗೆ ಸೇರಿದ ಈ ಊರಿನ ಒಂದು ಕಡೆಗೆ, ಮಹದೇವಕೊಡಿಗೇಹಳ್ಳಿಯಲ್ಲಿ, ಹಾರ್ಡ್‌ವೇರ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶವಿದೆ; ಇನ್ನೊಂದು ಕಡೆಗೆ, ಯಲಹಂಕವನ್ನು ದಾಟಿ ದಕ್ಷಿಣಕ್ಕೆ ಬಂದರೆ, ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಹೊಸ ವಿದ್ಯೆಯ ಪ್ರಯೋಗವೂ ಅದರ ವ್ಯಾಪಾರವೂ ಈ ಊರಿಗೆ ನೆರೆಹೊರೆಯಾಗಿರುವುದರಿಂದ ಇಲ್ಲಿಂದ ಹಿಂದಕ್ಕೂ ಮುಂದಕ್ಕೂ ನೋಡುವುದು ಅನುಕೂಲವಾಗಿದೆ.

2

ಮೊದಲು ಕಡತವನ್ನು ನೋಡುವ. ಮೈಸೂರು ಸೀಮೆಯ ಹೋಬಳಿಗಳಲ್ಲಿ ಶಾನುಭೋಗರೂ ವರ್ತಕರೂ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದುದು ವಾಚಕರಿಗೆ ವಿದಿತವೇ ಆಗಿದೆ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿಯನ್ನು ಕಲಸಿ, ಬಟ್ಟೆಯ ಎರಡು ಮೈಗಳಿಗೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದು ಕಡತ. ಅದರ ಮೇಲೆ ಬಳಪದ ಕಡ್ಡಿಯಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮಡಿಸಿದರೂ ಸುತ್ತಿದರೂ ಉದುರದಂತೆ ಪುಡಿಯನ್ನು ಒಂದು ಮೆತ್ತನೆಯ ಆಧಾರದ ಮೇಲೆ ಹಿಡಿದು ನಿಲ್ಲಿಸುವ ಉಪಾಯವು ಇದರಲ್ಲಿ ಚೆನ್ನಾಗಿ ಸಿದ್ಧಿಸಿತ್ತೆಂಬುದು ಒಂದು. ಆ ಹಿಡಿತವನ್ನು ಕೊಟ್ಟ ಅಂಟು ಪ್ರತಿಯೊಂದು ಕಣವನ್ನೂ ಸುತ್ತಿಕೊಂಡು, ಅದನ್ನು ಪಕ್ಕದ ಕಣದಿಂದ ಬೇರೆಯಾಗಿ ಇಡುತ್ತಿತ್ತೆಂಬುದು ಎರಡನೆಯದು. ಅಕ್ಷರ ಬರೆಯುವವನಿಗೆ ಇದರಿಂದ ಬಾಧಕವೇನೂ ಇಲ್ಲ. ವಿದ್ಯುತ್ತನ್ನು ಹರಿಸಬೇಕೆನ್ನುವವನಿಗೆ ಮಾತ್ರ ಹಿಡಿಯುವ ಅಂಟೇ ತಡೆಯೂ ಆಗಿ ಪರಿಣಮಿಸುತ್ತದೆ. ಲೋಹದ ಮಸಿಯ ಚರಿತ್ರೆಯೆಲ್ಲವೂ ಈ ಒಂದು ವಿರೋಧವನ್ನು ಪರಿಹರಿಸುವ ಪ್ರಯತ್ನಗಳ ಚರಿತ್ರೆಯೇ ಆಗಿದೆಯೆಂದು ಹೇಳಬಹುದು.

3

ಕಾಗದದ ಮೇಲೆ ಚಿನ್ನವನ್ನು ನಿಲ್ಲಿಸಿದವರು ಮೈಸೂರಿನ ಚಿತ್ರಗಾರರು. 1799ರಿಂದ 1868ರವರೆಗೆ ಪಟ್ಟದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಈ ಕಲೆಯು ಬಹಳ ಉತ್ಕರ್ಷಕ್ಕೆ ಬಂದಿತು. ಅವರ ಕಾಲದ ಶ್ರೀತತ್ತ್ವನಿಧಿಯ ಚಿತ್ರಗಳು ಅದಕ್ಕೆ ಸಾಕ್ಷಿ. ಆ ಚಿತ್ರಗಾರರು ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಮೊದಲಾದ ಭಾಗಗಳನ್ನು ಚಿನ್ನದಿಂದ ಮಾಡುವಾಗ ಅನುಸರಿಸಿದ ಕ್ರಮ ಹೀಗೆ: ಸಫೇದ, ರೇವಲ್‌ಚಿನ್ನಿ, ಅಂಟು ಇವುಗಳನ್ನು ನುಣ್ಣಗೆ ಅರೆದು ಮಕ್ಕನ್ನು ಸಿದ್ಧಪಡಿಸಿ, ಕುಂಚದಿಂದ ಸ್ವಲ್ಪ ಉಬ್ಬಾಗಿ ಬಳಿದು, ಅದರ ಮೇಲೆ ತೆಳುವಾದ ಚಿನ್ನದ ರೇಕನ್ನು ಕೂರಿಸುತ್ತಿದ್ದರು. ಚಿತ್ರವು ಪೂರ್ತಿಯಾಗಿ ಒಣಗಿದ ಮೇಲೆ ಅದರ ಮೇಲೊಂದು ತೆಳುಕಾಗದವನ್ನು ಹೊದಿಸಿ ನುಣುಪಾದ ಕಲ್ಲಿನಿಂದ ಉಜ್ಜುತ್ತಿದ್ದರು. ಕಾಗದವನ್ನು ತೆಗೆದಾಗ ಚಿನ್ನವೂ ಬಣ್ಣವೂ ಮೆರುಗಿನಿಂದ ಕೂಡಿ ಕಾಣುತ್ತಿದ್ದುವು.

ಚಿನ್ನವನ್ನು ಮಸಿಯನ್ನಾಗಿಯೇ ಮಾಡುವ ಬೇರೊಂದು ಕ್ರಮವು ಪಾರಸಿಕದ ಹಸ್ತಪ್ರತಿಗಳಲ್ಲಿಯೂ ಭಾರತದ ಹಸ್ತಪ್ರತಿಗಳಲ್ಲಿಯೂ ಪ್ರಸಿದ್ಧವಾಗಿತ್ತು. ರೇಕನ್ನು ಜೇನು ಮೊದಲಾದ ಜಿಗುಟು ವಸ್ತುವಿನೊಡನೆ ಅರೆದು, ತೊಳೆದು, ಉಳಿದ ಚಿನ್ನದ ಪುಡಿಯನ್ನು ಗೋಂದಿನ ನೀರಿನಲ್ಲಿ ಕಲಸಿದರೆ ಚಿನ್ನದ ಮಸಿಯಾಗುತ್ತದೆ. ಆದರೆ ಬರೆದೊಡನೆ ಅದು ಹೊಳೆಯುವುದಿಲ್ಲ. ಮಂಕಾಗಿ, ಮಣ್ಣಿನ ಬಣ್ಣಕ್ಕೆ ಹತ್ತಿರವಾಗಿ ಕಾಣುತ್ತದೆ. ಒಣಗಿದ ಮೇಲೆ ಅಕೀಕದ ಕಲ್ಲಿನಿಂದ ಒತ್ತಿ ಉಜ್ಜಿದರೆ ಮಾತ್ರ ಚಿನ್ನವು ಚಿನ್ನವಾಗಿ ಹೊರಬೀಳುತ್ತದೆ. ಇದಕ್ಕೆ ಕಾರಣವೇನೆಂದರೆ, ಬಿಡಿಬಿಡಿಯಾಗಿದ್ದ ಮೃದುವಾದ ಕಣಗಳು ಒತ್ತಡದಿಂದ ಚಪ್ಪಟೆಯಾಗಿ, ಒಂದಕ್ಕೊಂದು ತಗುಲಿ, ಬೆಳಕನ್ನು ಚದರಿಸದೆ ಕನ್ನಡಿಯಂತೆ ತಿರುಗಿಸುತ್ತವೆ.

ಹೀಗೆ ಚಿತ್ರಗಾರರ ಮುಂದೆ ಎರಡು ದಾರಿಗಳಿದ್ದುವು. ರೇಕಿನ ದಾರಿಯಲ್ಲಿ ಲೋಹವು ಮೊದಲೇ ಅಖಂಡವಾಗಿರುತ್ತದೆ. ಅಂಟು ಅದರ ಕೆಳಗಿರುತ್ತದೆಯೇ ಹೊರತು ಒಳಗಿರುವುದಿಲ್ಲ. ಮಸಿಯ ದಾರಿಯಲ್ಲಿ ಲೋಹವು ಪುಡಿಯಾಗಿ ಅಂಟಿನೊಳಗೆ ಮುಳುಗಿರುತ್ತದೆ. ಅದನ್ನು ಉಜ್ಜಿ ಅಖಂಡವನ್ನಾಗಿ ಮಾಡಬೇಕಾಗುತ್ತದೆ. ಮೈಸೂರಿನವರು ಹೆಚ್ಚಾಗಿ ರೇಕನ್ನೇ ನೆಚ್ಚಿದರು. ಅವರಿಗೆ ಬೇಕಾಗಿದ್ದುದು ಹೊಳಪು. ವಿದ್ಯುತ್ತಿನ ವಿಚಾರವು ಅವರ ಕಲ್ಪನೆಗೆ ಬಂದಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೂ ಹೊಳಪಿಗೂ ವಾಹಕತ್ವಕ್ಕೂ ಮೂಲವಾದುದು ಒಂದೇ, ಅದು ಲೋಹದ ಅವಿಚ್ಛಿನ್ನತೆ, ಎಂಬುದನ್ನು ನಾವು ಮರೆಯಬಾರದು.

4

ಈ ನಾಡಿನಲ್ಲಿ ಲೋಹಕ್ಕೆ ಮೆರುಗಿನ ಕೆಲಸದ ಜೊತೆಗೆ ವಿದ್ಯುತ್ತನ್ನು ಹೊರುವ ಕೆಲಸವು ದೊಡ್ಡ ಪ್ರಮಾಣದಲ್ಲಿ ಬಂದುದು 1902ರಲ್ಲಿ. ಆ ವರ್ಷ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತನ್ನು ತಂತಿಗಳ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪಗಳು ಬಂದುವು. ಅಲ್ಲಿಂದ ಮುಂದೆ ಲೋಹವೆಂದರೆ ತಂತಿ ಎಂಬ ಭಾವನೆಯು ಬೇರೂರಿತು.

ತಂತಿಯನ್ನು ಬಿಟ್ಟು ಮುದ್ರಣದಿಂದಲೇ ವಿದ್ಯುನ್ಮಂಡಲವನ್ನು ಮಾಡಬಹುದೆಂಬುದು ಸ್ಥಿರಪಟ್ಟುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಗುರಿಯ ಸಮೀಪಕ್ಕೆ ಬಂದೊಡನೆ ತಾನಾಗಿಯೇ ಸಿಡಿಯುವ ಗುಂಡುಗಳೊಳಗೆ ಇಡಬೇಕಾಗಿದ್ದ ಚಿಕ್ಕ ರೇಡಿಯೋ ಯಂತ್ರಕ್ಕಾಗಿ ಅಮೆರಿಕೆಯಲ್ಲಿ ಬೆಳ್ಳಿಯ ಮಸಿಯನ್ನು ಜಾಲರಿಯ ಮೂಲಕ ಒಂದು ಬಿಲ್ಲೆಯ ಮೇಲೆ ಅಚ್ಚೊತ್ತಿ, ಕುಲುಮೆಯಲ್ಲಿ ಸುಟ್ಟರು. ರೋಧಕಗಳಿಗೆ ಅಂಗಾರದ ಮಸಿಯನ್ನು ಬಳಸಿದರು. ಆ ಬಿಲ್ಲೆಯು ಬಳಪದ ಕಲ್ಲಿನ ಜಾತಿಯ ಖನಿಜದಿಂದ ಮಾಡಿದುದು. ಇದ್ದಿಲೂ ಬಳಪವೂ ಕಡತದಲ್ಲಿ ಒಂದೆಡೆ ಸೇರಿದ್ದಂತೆ ಇಲ್ಲಿಯೂ ಅಂಗಾರವೂ ಬಳಪವೂ ಒಂದೆಡೆ ಸೇರಿದುವು. ಇದು ಕೇವಲ ಕಾಕತಾಳೀಯವೇ ಹೊರತು ಇದರಿಂದ ಯಾವ ವಂಶಾವಳಿಯನ್ನೂ ಕಟ್ಟಲಾಗದು. ಆದರೂ ಗಮನಿಸತಕ್ಕ ಸಂಗತಿ. ಬ್ರೂನೆಟ್ಟಿ ಮತ್ತು ಕರ್ಟಿಸ್ ಎಂಬ ವಿದ್ವಾಂಸರು 1947ರಲ್ಲಿ ಈ ವಿಧಾನಗಳನ್ನೆಲ್ಲ ಸಂಗ್ರಹಿಸಿ ಅಮೆರಿಕೆಯ ರಾಷ್ಟ್ರೀಯ ಮಾನಕ ಸಂಸ್ಥೆಯ ಮೂಲಕ ಪ್ರಕಟಪಡಿಸಿದರು.

ಇದೇ ಕಾಲದಲ್ಲಿ, ವಿಯೆನ್ನಾದಿಂದ 1936ರಲ್ಲಿ ಇಂಗ್ಲೆಂಡಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ಎಂಬಾತನು ಬೇರೊಂದು ದಾರಿಯನ್ನು ಹಿಡಿದನು. ಹಲಗೆಯ ಮೇಲೆ ತಾಮ್ರದ ರೇಕನ್ನು ಪೂರ್ತಿಯಾಗಿ ಅಂಟಿಸಿ, ಬೇಕಾದ ರೇಖೆಗಳನ್ನು ಮಾತ್ರ ಮುಚ್ಚಿ, ಮಿಕ್ಕ ತಾಮ್ರವನ್ನು ದ್ರಾವಕದಲ್ಲಿ ಕರಗಿಸಿಬಿಡುವುದು ಅವನ ಕ್ರಮ. ಲೋಕವು ಕೊನೆಗೆ ಸ್ವೀಕರಿಸಿದುದು ಇದನ್ನೇ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಮೊದಲಾದ ಕಾರ್ಖಾನೆಗಳು ತಲೆಯೆತ್ತಿದ ಕಾಲದಲ್ಲಿ ಎಲ್ಲೆಡೆಯಲ್ಲಿಯೂ ಪ್ರಚಾರಕ್ಕೆ ಬರುತ್ತಿದ್ದುದು ರೇಕಿನ ವಿಧಾನವೇ. ಮೈಸೂರಿನ ಚಿತ್ರಗಾರರು ಮಸಿಗಿಂತ ರೇಕನ್ನು ಮೇಲೆಂದು ಎಣಿಸಿದ ಕಾರಣವೂ ವಿದ್ಯುನ್ಮಂಡಲದ ಶಿಲ್ಪಿಗಳು ಹಾಗೆ ಎಣಿಸಿದ ಕಾರಣವೂ ಮೂಲದಲ್ಲಿ ಒಂದೇ ಆಗಿವೆ: ರೇಕು ಅಖಂಡ, ಮಸಿ ಖಂಡ. ಆದರೆ ರೇಕಿನ ವಿಧಾನದಲ್ಲಿ ಬಹುಪಾಲು ತಾಮ್ರವು ಕರಗಿ ಹೋಗುತ್ತದೆ. ಕರಗಿಸಿದ ದ್ರಾವಕವನ್ನು ಎಲ್ಲಿ ಚೆಲ್ಲುವುದೆಂಬ ಚಿಂತೆಯೂ ಹುಟ್ಟುತ್ತದೆ. ಬೇಕಾದಲ್ಲಿ ಮಾತ್ರ ಲೋಹವನ್ನು ಇಡುವ ಮಸಿಯ ಆಸೆಯು ಆದುದರಿಂದಲೇ ಪೂರ್ತಿಯಾಗಿ ಅಳಿಯಲಿಲ್ಲ.

5

ಇಷ್ಟರಲ್ಲಿ ಕನ್ನಡನಾಡಿನಲ್ಲಿಯೇ ಒಂದು ಬೆಳ್ಳಿಯ ಮಸಿ ಸಿದ್ಧವಾಗುತ್ತ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಯಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದ ಸರ್ಕಾರಕ್ಕೆ ಸೇರಿರುವ ಆ ಕಾರ್ಖಾನೆಯು 1962ರ ಮೂರನೆಯ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ಒದಗಿಸುತ್ತಿದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಮಸಿಯ ಜೀವಾಳವು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ.

ಆ ಲವಣವು ಚರ್ಮದ ಉಪ್ಪಿನೊಡನೆ ಕೂಡಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಅದರೊಳಗಿನ ಬೆಳ್ಳಿಯು ಲೋಹರೂಪಕ್ಕೆ ಇಳಿದು ಕಪ್ಪಾಗುತ್ತದೆ. ಹೀಗಾಗಿ, ಮತ ಹಾಕಿ ಬಂದ ಬಾಗಲೂರಿನ ರೈತನ ಎಡಗೈ ತೋರುಬೆರಳಿನ ಮೇಲೆ ಬೆಳ್ಳಿಯ ಸೂಕ್ಷ್ಮ ಕಣಗಳೇ ಇರುತ್ತವೆ. ಬೆಳ್ಳಿಯ ಲವಣವನ್ನು ದ್ರವದಲ್ಲಿ ಒಯ್ದು, ಬೇಕಾದ ಸ್ಥಳದಲ್ಲಿ ಹಚ್ಚಿ, ಅಲ್ಲಿಯೇ ಲೋಹವನ್ನಾಗಿ ಮಾಡುವುದು ಇದರ ತತ್ತ್ವ. ಇಂದಿನ ಒಂದು ಜಾತಿಯ ವಾಹಕ ಮಸಿಗಳ ತತ್ತ್ವವೂ ಇದೇ.

ಹಾಗಾದರೆ ಆ ಕಲೆಯಲ್ಲಿ ವಿದ್ಯುತ್ತು ಏಕೆ ಹರಿಯುವುದಿಲ್ಲ? ಬಾಗಲೂರಿನ ಸುತ್ತಲ ಸೀಮೆಯ ದೃಷ್ಟಾಂತದಿಂದಲೇ ಇದನ್ನು ವಿವರಿಸಬಹುದು. ಯಲಹಂಕದ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಜಕ್ಕೂರು ಕೆರೆಗೆ ಬರುತ್ತದೆ; ಅಲ್ಲಿಂದ ರಾಚೇನಹಳ್ಳಿಯ ಕೆರೆಗೆ ಹೋಗುತ್ತದೆ. ನಡುವಣ ರಾಜಕಾಲುವೆಯು ಮುಚ್ಚಿಹೋದರೆ ಮೇಲಿನ ಕೆರೆಯಲ್ಲಿ ಎಷ್ಟು ನೀರಿದ್ದರೂ ಕೆಳಗಿನ ಕೆರೆಗೆ ಒಂದು ಹನಿಯೂ ತಲಪುವುದಿಲ್ಲ. ಕೆರೆಗಳ ಸರಪಳಿಗೆ ಬೆಲೆಯನ್ನು ಕೊಡುವುದು ಕೆರೆಯ ವಿಸ್ತಾರವಲ್ಲ, ಕಾಲುವೆಯ ಅವಿಚ್ಛಿನ್ನತೆ. ಬೆರಳಿನ ಕಲೆಯಲ್ಲಿ ಬೆಳ್ಳಿಯ ಕಣಗಳು ಕಾಲುವೆಯಿಲ್ಲದ ಕೆರೆಗಳಂತೆ ಬೇರೆ ಬೇರೆಯಾಗಿವೆ. ಮೈಸೂರಿನ ಮಸಿಗೆ ಬೇಕಾಗಿದ್ದುದು ಬಿಡದ ಕಪ್ಪು. ಅದನ್ನು ಅದು ಪೂರೈಸಿತು. ವಿದ್ಯುತ್ತನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

6

ಬೆಳ್ಳಿಯ ಕಣಗಳ ನಡುವೆ ಕಾಲುವೆಯನ್ನು ತೋಡುವ ಹಳೆಯ ಉಪಾಯ ಬೆಂಕಿ. ಬೆಳ್ಳಿಯು ಕರಗುವುದು ಸುಮಾರು 962 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದಕ್ಕೆ ಪೂರ್ತಿಯಾಗಿ ಕರಗಬೇಕಾದುದಿಲ್ಲವಾದರೂ ಸಾಮಾನ್ಯ ಪುಡಿಗೆ ಬಹಳ ಕಾವು ಬೇಕು. ಸುಟ್ಟ ಬಿಲ್ಲೆಯು ಅದನ್ನು ತಾಳೀತು, ಕಾಗದವು ತಾಳದು. 200 ಡಿಗ್ರಿಯನ್ನು ಮೀರಿದರೆ ಕಾಗದವು ಕಂದಿ ಸೀಯತೊಡಗುತ್ತದೆ. ಕಾಗದದ ಮೇಲಣ ವಾಹಕ ಮಸಿಯು ಬಹುಕಾಲ ಕೈಗೂಡದೆ ಹೋದುದಕ್ಕೆ ಇದೇ ಮುಖ್ಯ ಕಾರಣ.

ಪರಿಹಾರವು ಬಂದುದು ಕಣದ ಗಾತ್ರದಿಂದ. ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ನೀರಿನಲ್ಲಿ ತೇಲಿಸಿ, ಅದರ ಕೆಂಪುಬಣ್ಣಕ್ಕೆ ಕಾರಣವನ್ನು ಮೈಕೇಲ್ ಫ್ಯಾರಡೆಯು 1857ರಲ್ಲಿ ವಿಚಾರಿಸಿದನು. ಬೆಳ್ಳಿಯನ್ನು ಹಾಗೆಯೇ ದ್ರವದಲ್ಲಿ ನಿಲ್ಲಿಸುವ ಕ್ರಮವನ್ನು ಅಮೆರಿಕೆಯ ಕ್ಯಾರಿ ಲೀ 1889ರಲ್ಲಿ ತಿಳಿಸಿದನು. ಕಣವು ಚಿಕ್ಕದಾದಷ್ಟೂ ಅದು ಕರಗುವ ಕಾವು ಇಳಿಯಬೇಕೆಂದು ಪಾವ್ಲೋವ್ ಎಂಬಾತನು 1909ರಲ್ಲಿ ತರ್ಕಿಸಿದನು. ಜಪಾನಿನ ತಕಾಗಿಯು 1954ರಲ್ಲಿ ಸೀಸ, ತವರ, ಬಿಸ್ಮತ್ ಇವುಗಳ ತೆಳು ಪದರಗಳಲ್ಲಿ ಅದನ್ನು ಪ್ರತ್ಯಕ್ಷವಾಗಿ ತೋರಿಸಿದನು. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ಒಂದು ನ್ಯಾನೊಮೀಟರ್. ಇಂಥ ಕೆಲವು ನ್ಯಾನೊಮೀಟರುಗಳಷ್ಟೇ ಅಗಲವಾದ ಬೆಳ್ಳಿಯ ಕಣಗಳು ನೂರೈವತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಆದರೆ ಹಳೆಯ ವಿರೋಧವು ಇಲ್ಲಿಯೂ ತಲೆಹಾಕಿತು. ಇಷ್ಟು ಸಣ್ಣ ಕಣಗಳು ಮಸಿಯಲ್ಲಿರುವಾಗಲೇ ಕೂಡಿಕೊಂಡು ಗಸಿಯಾಗದಂತೆ ಅವುಗಳಿಗೆ ಒಂದು ಹೊದಿಕೆ ಬೇಕು. ಮುದ್ರಿಸಿದ ಮೇಲೆ ಆ ಹೊದಿಕೆಯೇ ಅಡ್ಡಿ. ಜೆರುಸಲೇಮಿನಲ್ಲಿ ಮ್ಯಾಗ್ಡಾಸಿ ಮತ್ತು ಸಂಗಡಿಗರು 2010ರಲ್ಲಿ ವಿರುದ್ಧ ವಿದ್ಯುದಂಶವುಳ್ಳ ವಸ್ತುವನ್ನು ಸೇರಿಸಿ, ಕಾಯಿಸದೆಯೇ ಆ ಹೊದಿಕೆಯನ್ನು ಬಿಡಿಸಿದರು. ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾಲಯದ ಜೆನಿಫರ್ ಲೂಯಿಸ್ ಅವರ ತಂಡದವರು 2011ರಲ್ಲಿ ಬೆಳ್ಳಿಯ ಮಸಿಯನ್ನು ಸಾಮಾನ್ಯ ಲೇಖನಿಗೆ ತುಂಬಿ ಕಾಗದದ ಮೇಲೆ ವಿದ್ಯುನ್ಮಂಡಲವನ್ನು ಕೈಯಲ್ಲಿಯೇ ಬರೆದರು. 2012ರಲ್ಲಿ ಕಣಗಳನ್ನೇ ಬಿಟ್ಟು, ಬೆಳ್ಳಿಯ ಲವಣ, ಅಮೋನಿಯ, ಫಾರ್ಮಿಕ್ ಆಮ್ಲ ಇವುಗಳಿಂದ ತಿಳಿಯಾದ ಮಸಿಯನ್ನು ಮಾಡಿ, 90 ಡಿಗ್ರಿಯ ಕಾವಿನಲ್ಲಿ ಅದರಿಂದ ಶುದ್ಧ ಬೆಳ್ಳಿಗೆ ಸಮೀಪವಾದ ವಾಹಕತ್ವವನ್ನು ಪಡೆದರು. 2013ರಲ್ಲಿ ತೋಕಿಯೋದ ಕವಾಹರ ಮೊದಲಾದವರು ಮನೆಗಳಲ್ಲಿರುವ ಸಾಮಾನ್ಯ ಮುದ್ರಣಯಂತ್ರದಿಂದಲೇ ಇಂಥ ಕೆಲಸವನ್ನು ಮಾಡಿ ತೋರಿಸಿದರು.

ಇವುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಅಕೀಕದ ಕಲ್ಲಿನ ಸ್ಥಾನವು ಸ್ಪಷ್ಟವಾಗುತ್ತದೆ. ಬರೆದ ಮೇಲೆ ಇನ್ನೊಂದು ಸಂಸ್ಕಾರವಿಲ್ಲದೆ ಲೋಹದ ಮಸಿಯು ಲೋಹವಾಗುವುದಿಲ್ಲ. ಹಿಂದೆ ಆ ಸಂಸ್ಕಾರವು ಕೈಯ ಒತ್ತಡದಿಂದ ನಡೆಯಿತು. ಯುದ್ಧಕಾಲದಲ್ಲಿ ಕುಲುಮೆಯ ಬೆಂಕಿಯಿಂದ ನಡೆಯಿತು. ಇಂದು ರಸಾಯನದಿಂದ ನಡೆಯುತ್ತಿದೆ.

7

ಜಕ್ಕೂರಿನ ಸಂಶೋಧನಾ ಕೇಂದ್ರದಲ್ಲಿ ಜಿ. ಯು. ಕುಲಕರ್ಣಿಯವರೂ ಅವರ ಶಿಷ್ಯರೂ ಮಾಡಿದ ಕೆಲಸವು ಇಲ್ಲಿ ಪ್ರಸ್ತುತವಾಗಿದೆ. ಪಲ್ಲೇಡಿಯಂ ಲೋಹದ ಒಂದು ಸಂಯುಕ್ತವನ್ನು ದ್ರವರೂಪದ ಮಸಿಯನ್ನಾಗಿ ಬಳಸಿ, ಕಾಯಿಸಿ ಲೋಹದ ಸೂಕ್ಷ್ಮರೇಖೆಗಳನ್ನು ಪಡೆಯುವ ಕ್ರಮವನ್ನು ಅವರು ಬೆಳೆಸಿದರು. ಬಳಿಕ, 2014ರ ಸುಮಾರಿನಲ್ಲಿ ಪ್ರಕಟವಾದ ಲೇಖನಗಳಲ್ಲಿ, ಇನ್ನೂ ವಿಲಕ್ಷಣವಾದ ಒಂದು ಉಪಾಯವನ್ನು ತಿಳಿಸಿದರು. ಒಂದು ದ್ರವವನ್ನು ತೆಳುವಾಗಿ ಬಳಿದು ಒಣಗಲು ಬಿಟ್ಟರೆ, ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳದಂತೆ ಅದು ಬಿರುಕು ಬಿಡುತ್ತದೆ. ಆ ಬಿರುಕುಗಳಲ್ಲಿ ಲೋಹವನ್ನು ತುಂಬಿ, ಮಿಕ್ಕ ಪದರವನ್ನು ತೊಳೆದುಹಾಕಿದರೆ, ಒಂದರೊಡನೊಂದು ಕೂಡಿಕೊಂಡ ಲೋಹದ ಜಾಲವು ಉಳಿಯುತ್ತದೆ. ಅದು ಬೆಳಕನ್ನೂ ಬಿಡುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ. ಇಲ್ಲಿ ಬಳಿದ ದ್ರವವು ಲೋಹವನ್ನು ಹೊರುವುದಿಲ್ಲ. ಅದು ಬಿರಿದು ಲೋಹಕ್ಕೆ ದಾರಿಯನ್ನು ಬಿಡುತ್ತದೆ. ಬಿರುಕು ಒಂದಕ್ಕೊಂದು ಸೇರಿಯೇ ಇರುವುದರಿಂದ ಲೋಹದ ಅವಿಚ್ಛಿನ್ನತೆಯು ತಾನಾಗಿಯೇ ಸಿದ್ಧಿಸುತ್ತದೆ. ಹಿಡಿಯುವ ವಸ್ತುವೇ ತಡೆಯುವ ವಸ್ತುವಾಗುವ ವಿರೋಧವನ್ನು ಎದುರಿಸದೆ, ಅದನ್ನು ಪಕ್ಕಕ್ಕೆ ಸರಿಸಿ ಮುಂದೆ ನಡೆದ ಉಪಾಯವಿದು.

8

ಇನ್ನು ಆರಂಭದಲ್ಲಿ ಹೇಳಿದ ಎರಡು ಅಭಿಪ್ರಾಯಗಳಿಗೆ ಬರೋಣ. ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ಮಾತು ನಿಲ್ಲುವುದಿಲ್ಲ. ಕಡತವನ್ನು ಬಳಿದವನಿಗೆ ಬರವಣಿಗೆ, ಚಿತ್ರಗಾರನಿಗೆ ಮೆರುಗು, ಮೈಸೂರಿನ ಕಾರ್ಖಾನೆಗೆ ಅಳಿಯದ ಗುರುತು ಬೇಕಾಗಿದ್ದುವು. ವಾಹಕತ್ವವನ್ನು ಯಾರೂ ಅರಸಿರಲಿಲ್ಲ. ಒಂದರಿಂದ ಇನ್ನೊಂದು ಹುಟ್ಟಿತೆಂಬುದಕ್ಕೂ ಪ್ರಮಾಣವಿಲ್ಲ. ಸಂಬಂಧವೇ ಇಲ್ಲವೆಂಬ ಮಾತೂ ನಿಲ್ಲುವುದಿಲ್ಲ. ಕಣಗಳನ್ನು ಹಿಡಿಯುವುದು, ಕಣಗಳನ್ನು ಕೂಡಿಸುವುದು, ಲವಣವನ್ನು ಸ್ಥಳದಲ್ಲಿಯೇ ಲೋಹವಾಗಿಸುವುದು ಎಂಬ ಮೂರು ಕೆಲಸಗಳೂ ಈ ನಾಡಿನ ಕೈಗಳಿಗೆ ಬೇರೆ ಬೇರೆ ಕಾಲಗಳಲ್ಲಿ ಪರಿಚಿತವಾಗಿದ್ದುವು. ಚರಿತ್ರೆಯು ಇಷ್ಟನ್ನು ಮಾತ್ರ ಹೇಳುತ್ತದೆ. ಇಷ್ಟು ಸಾಲದೆಂದು ಕೊರಗಬೇಕಾದುದಿಲ್ಲ.

ಆದರೆ ಹಳೆಯ ಕಸುಬಿನವರಿಗೆ ತಿಳಿದಿದ್ದು, ಹೊಸ ವಿದ್ಯೆಯವರು ಇನ್ನೂ ಪೂರ್ತಿಯಾಗಿ ಕೈಗೊಳ್ಳದ ನಾಲ್ಕನೆಯ ಕೆಲಸವೊಂದುಂಟು. ಅಕ್ಕಸಾಲೆಯ ಅಂಗಡಿಯ ಕಸವನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಅದನ್ನು ತೊಳೆದು ಅದರೊಳಗಿನ ಚಿನ್ನಬೆಳ್ಳಿಗಳ ರಜವನ್ನು ಹೆಕ್ಕುವವನಿಗೆ ಜಲಗಾರನೆಂದು ಹೆಸರು. ಹಳೆಯ ಜರಿಸೀರೆಯನ್ನು ಸುಟ್ಟು ಬೆಳ್ಳಿಯನ್ನು ತೆಗೆದುಕೊಳ್ಳುವುದು ಇಂದಿಗೂ ನಡೆಯುತ್ತಿದೆ. ಲೋಹವನ್ನು ಇಟ್ಟವನು ಅದನ್ನು ಮರಳಿ ಪಡೆಯುವ ದಾರಿಯನ್ನೂ ಬಲ್ಲವನಾಗಿದ್ದನು.

ಕಾಗದದ ವಿದ್ಯುನ್ಮಂಡಲವು ಅಗ್ಗವಾದುದು. ಒಮ್ಮೆ ಬಳಸಿ ಬಿಸಾಡುವುದಕ್ಕೆಂದೇ ಮಾಡಿದುದು. ಒಂದೊಂದು ಚೀಟಿಯಲ್ಲಿರುವ ಬೆಳ್ಳಿಯು ಅತ್ಯಲ್ಪ. ಚೀಟಿಗಳ ಸಂಖ್ಯೆಯು ಅಲ್ಪವಲ್ಲ. ಬೆಳ್ಳಿಯ ಬದಲಿಗೆ ತಾಮ್ರವನ್ನು ಬಳಸೋಣವೆಂದರೆ, ಸೂಕ್ಷ್ಮ ಕಣಗಳಾದ ತಾಮ್ರವು ಗಾಳಿಗೆ ಬೇಗನೆ ಕಿಲುಬುಗಟ್ಟಿ ವಾಹಕತ್ವವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬೆಳ್ಳಿಯನ್ನು ಬಿಡುವುದು ಸುಲಭವಾಗಿಲ್ಲ. ನೀರಿನಲ್ಲಿ ಕರಗಿದ ಬೆಳ್ಳಿಯು ಮೀನು ಮೊದಲಾದ ಜಲಚರಗಳಿಗೆ ವಿಷವೆಂಬುದು ಪ್ರಸಿದ್ಧವಾಗಿದೆ. ಬೆಂಗಳೂರಿನ ಕಸವನ್ನು ತುಂಬಿದ ಹಳೆಯ ಕಲ್ಲುಗಣಿಗಳು ಬಾಗಲೂರಿನ ರಸ್ತೆಯ ಆಸುಪಾಸಿನ ಹಳ್ಳಿಗಳಲ್ಲಿಯೇ ಇವೆ. ಆ ಸೀಮೆಯ ಕೆರೆಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆಯೆಂಬುದನ್ನು ಮೇಲೆಯೇ ಹೇಳಿದೆ. ಮಸಿಯಲ್ಲಿ ಕಣಗಳು ಕೂಡಿಕೊಳ್ಳಲೆಂದು ಪಂಡಿತರು ಪಟ್ಟಷ್ಟು ಶ್ರಮವನ್ನು, ಬಿಸಾಡಿದ ಕಾಗದದಿಂದ ಆ ಕಣಗಳನ್ನು ಮರಳಿ ಬಿಡಿಸುವುದಕ್ಕೂ ಪಡಬೇಕಾಗಿದೆ.

ಜಕ್ಕೂರಿನ ವಿದ್ವಾಂಸರಿಗೂ ಮಹದೇವಕೊಡಿಗೇಹಳ್ಳಿಯ ಉದ್ಯಮಿಗಳಿಗೂ ಕನ್ನಡನಾಡಿನ ಹಳೆಯ ಕಸುಬುಗಳು ಕಲಿಸಬಹುದಾದ ಪಾಠವು ಇನ್ನೂ ಒಂದು ಉಳಿದಿದೆಯಾದರೆ, ಅದು ಚಿತ್ರಗಾರನ ಕಲ್ಲಿನಲ್ಲಿಲ್ಲ, ಜಲಗಾರನ ಮರಿಗೆಯಲ್ಲಿದೆ.